ರಸೀದಿಗಾಗಿ ತೆಗೆದ ಬಾಗಿಲಲ್ಲಿ ಕಳ್ಳಪುಟ ಬಂತು: ಮೊಬೈಲ್ ಬ್ರೌಸರ್‌ನ ಪಾಪ್-ಅಪ್ ಎಲ್ಲಿ ಬಿಡಬೇಕು, ಎಲ್ಲಿ ತಡೀಬೇಕು

ಈ ವಾರ ಕೊಳೆರೋಗಕ್ಕೆ ಎರಡನೇ ಸಲ ಔಷಧಿ ಹೊಡೆಯೋದರ ಬಗ್ಗೆ ಬರೀಬೇಕು ಅಂತಿದ್ದೆ. ಅದನ್ನು ಮುಂದಿನ ವಾರಕ್ಕೆ ಇಟ್ಕೊಂಡು ಮೊಬೈಲ್ ವಿಷಯಕ್ಕೆ ಬಂದಿದ್ದೀನಿ. ಕಾರಣ ಇದೆ. ನಾನೇ ಕೊಟ್ಟ ಒಂದು ಅರ್ಧಂಬರ್ಧ ಸಲಹೆಯಿಂದ ನಮ್ಮ ಭಾವನ ಖಾತೆಯಲ್ಲಿದ್ದ ಹಳೇ ಶುಂಠಿ ಮಾರಿದ ದುಡ್ಡು ಹೋಗೋದರಲ್ಲಿತ್ತು. ಹೋಗಲಿಲ್ಲ. ಅದು ನನ್ನ ಜಾಣತನದಿಂದ ಅಲ್ಲ, ಅವರ ಮಗಳ ಜಾಣತನದಿಂದ.

ಜೂನ್ ಎರಡನೇ ವಾರ. ಮಳೆ ಎರಡು ದಿನ ಬಿಡುವು ಕೊಟ್ಟಿತ್ತು. ಶಿರಾಳಕೊಪ್ಪದ ಹತ್ತಿರದ ನಮ್ಮ ತೋಟದಲ್ಲಿ ಬೋರ್ಡೋ ಕಲಸ್ತಾ ಇದ್ದೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಅದೇ ಲೆಕ್ಕ. ಸಾವಯವದವರು ಇದನ್ನು ಹೊಡೀಬಹುದಾ ಅಂತ ಪ್ರತಿ ವರ್ಷ ಯಾರಾದರೂ ಕೇಳ್ತಾರೆ, ಅದಕ್ಕೆ ಮುಂದಿನ ವಾರ ಉತ್ತರ ಕೊಡ್ತೀನಿ. ಕೈಯೆಲ್ಲ ನೀಲಿ, ಆಗ ಫೋನ್. ಸೊರಬ ತಾಲ್ಲೂಕಿನಲ್ಲಿರೋ ಅಕ್ಕನ ಗಂಡ.

“ಲೋ, ಅರ್ಜಿ ತುಂಬಿದೀನಿ, ಫೀಸ್ ಕಟ್ಟಿದೀನಿ, ರಸೀದಿನೇ ಬರ್ತಿಲ್ಲ ಮಾರಾಯ. ಎರಡು ಸಲ ಕಟ್ಟಿದೆ. ಎರಡು ಸಲನೂ ದುಡ್ಡು ಕಟ್ ಆಗಿದೆ.”

ಯಾವ ಇಲಾಖೆ, ಯಾವ ಅರ್ಜಿ ಅನ್ನೋದು ಇಲ್ಲಿ ಬೇಡ. ಅಲ್ಲಿ ಆಗಿದ್ದು ಬೇರೆ ಹತ್ತು ಕಡೆ ಆಗೋದೇ. ನಾನು ಕೆಲಸದ ಅವಸರದಲ್ಲಿ, “ಭಾವ, ಅದು ಪಾಪ್-ಅಪ್ ಬ್ಲಾಕ್ ಆಗಿರುತ್ತೆ. ಕ್ರೋಮ್ ಸೆಟ್ಟಿಂಗ್ಸ್‌ಗೆ ಹೋಗಿ, ಸೈಟ್ ಸೆಟ್ಟಿಂಗ್ಸ್, ಅಲ್ಲಿ ಪಾಪ್-ಅಪ್ಸ್ ಅಂತ ಇದೆ, ಅದನ್ನ ಆನ್ ಮಾಡಿ” ಅಂದೆ. ಆನ್ ಮಾಡಿದರು. ತಾಣದ ‘ರಸೀದಿ ಮುದ್ರಿಸಿ’ ಗುಂಡಿ ಒತ್ತಿದ ಕೂಡಲೇ ರಸೀದಿ ಬಂತು. ಹೆಚ್ಚುವರಿ ಕಟ್ಟಿದ್ದು ಒಂದು ವಾರ ಬಿಟ್ಟು ವಾಪಸ್ ಬಂತು. ಇಬ್ಬರೂ ಅದನ್ನು ಮರೆತೆವು. ಆನ್ ಮಾಡಿದ್ದನ್ನು ಆಫ್ ಮಾಡಿ ಅಂತ ನಾನು ಹೇಳಲಿಲ್ಲ.

ಜುಲೈ ಕೊನೆಯಲ್ಲಿ ಒಂದು ರಾತ್ರಿ ಭಾವ ಅಡಿಕೆ ರೇಟ್ ನೋಡೋಕೆ ಅಂತ ಗೂಗಲ್‌ನಲ್ಲಿ ಹುಡುಕಿ ಯಾವುದೋ ಒಂದು ತಾಣ ತೆಗೆದಿದ್ದಾರೆ. ರಾಶಿ, ಬೆಟ್ಟೆ, ಗೊರಬಲು, ಸರಕು ಎಲ್ಲದರ ಹೆಸರಿದೆ, ರೇಟ್ ಮಾತ್ರ ಕೆಳಗೆ ಕೆಳಗೆ ಹೋಗ್ತಾ ಇದೆ, ನಡುವೆ ಬರೀ ಜಾಹೀರಾತು. ಅಷ್ಟರಲ್ಲಿ ಇನ್ನೊಂದು ಪುಟ ತಾನಾಗಿ ತೆರ್ಕೊಂಡಿದೆ. ಅವರ ಖಾತೆ ಇರೋ ಬ್ಯಾಂಕಿನ ಥರವೇ ಬಣ್ಣ, ಅದೇ ಥರದ ಗುರುತು. ‘ನಿಮ್ಮ ಕೆವೈಸಿ ಮುಗಿದಿದೆ, ಇವತ್ತು ರಾತ್ರಿ 12ಕ್ಕೆ ಖಾತೆ ಬಂದ್’ ಅಂತ ಬರಹ. ಕೆಳಗೆ ಒಂದು ಗುಂಡಿ. ಒತ್ತಿದರು. ಒಂದು ಫೈಲ್ ಇಳೀತು. ಅದನ್ನ ತೆರೆಯೋಕೆ ಹೋದಾಗ ಫೋನು, ‘ಈ ಮೂಲದಿಂದ ಅಪರಿಚಿತ ಆ್ಯಪ್ ಹಾಕೋಕೆ ಅನುಮತಿ ಇಲ್ಲ’ ಅಂತ ತಡೆದಿದೆ. ಅದನ್ನು ಹೇಗೆ ಬಿಡಿಸೋದು ಅಂತ ಪಿಯುಸಿ ಓದೋ ಮಗಳನ್ನು ಕರೆದು ಕೇಳಿದ್ದಾರೆ. ಅವಳು ಫೋನ್ ಕಸ್ಕೊಂಡು ನನಗೆ ಮಾಡಿದಳು: “ಮಾಮ, ಅಪ್ಪ ಏನೋ ಎಪಿಕೆ ಇಳಿಸ್ಕೊಂಡಿದಾರೆ, ಬ್ಯಾಂಕಿಂದು ಅಂತಾರೆ, ಬ್ಯಾಂಕಿನ ಆ್ಯಪ್ ಪ್ಲೇ ಸ್ಟೋರಲ್ಲೇ ಇರುತ್ತಲ್ವಾ?”

ಮಾರನೇ ದಿನ ಸೊರಬಕ್ಕೆ ಹೋಗಿ ಆ ಫೋನನ್ನು ಕೂತು ನೋಡಿದೆ. ಪಾಪ್-ಅಪ್ ಇನ್ನೂ ಆನ್‌ನಲ್ಲೇ ಇತ್ತು. ಅದು ಆಫ್ ಇದ್ದಿದ್ದರೆ ಆ ಕಳ್ಳಪುಟ ಬರ್ತಾನೇ ಇರಲಿಲ್ಲ ಅಂತ ನಾನು ಆಣೆ ಇಟ್ಟು ಹೇಳಲಾರೆ, ಯಾಕೆ ಅನ್ನೋದು ಕೆಳಗೆ ಬರುತ್ತೆ. ಆದರೆ ಬೇಲಿಯ ದಣಪೆ ತೆಗೆಸಿದ್ದು ನಾನು, ಹಾಕಿಸೋದನ್ನು ಮರೆತಿದ್ದೂ ನಾನು.

ಪಾಪ್-ಅಪ್ ಅಂದರೆ ಏನು?

ನೀವು ಒಂದು ಪುಟ ನೋಡ್ತಾ ಇರುವಾಗ ಆ ತಾಣ ತೆರೆಯೋ ಇನ್ನೊಂದು ಕಿಟಕಿ, ಅದೇ ಪಾಪ್-ಅಪ್. ಕಂಪ್ಯೂಟರಿನಲ್ಲಿ ಅದು ಚಿಕ್ಕ ಕಿಟಕಿಯಾಗಿ ಮೇಲೆ ಬರುತ್ತೆ. ಮೊಬೈಲಿನಲ್ಲಿ ಅಷ್ಟು ಜಾಗ ಇಲ್ಲ, ಹಾಗಾಗಿ ಪೂರ್ತಿ ಹೊಸ ಟ್ಯಾಬ್ ಆಗಿ ಬಂದು ನಾವು ನೋಡ್ತಿದ್ದ ಪುಟವನ್ನು ಮುಚ್ಚಿಬಿಡುತ್ತೆ. ಅದಕ್ಕೇ ಮೊಬೈಲಿನಲ್ಲಿ ‘ಇದು ಬೇರೆ ಪುಟ’ ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಾಗಲ್ಲ. ಭಾವನಿಗೂ ಗೊತ್ತಾಗಿರಲಿಲ್ಲ, ರೇಟ್ ತಾಣದವರೇ ಬ್ಯಾಂಕಿಗೆ ಕಳಿಸಿದರು ಅಂದುಕೊಂಡಿದ್ದರು.

ಈ ಜಾಹೀರಾತು ಪಾಪ್-ಅಪ್ ಹುಟ್ಟಿಸಿದವರು ಅಮೆರಿಕದ ಈಥನ್ ಝುಕರ್‌ಮನ್. ಫೇಸ್‌ಬುಕ್‌ನ ಝುಕರ್‌ಬರ್ಗ್ ಅಲ್ಲ, ಇವರು ಬೇರೆ. 1990ರ ದಶಕದ ಕೊನೆಯಲ್ಲಿ ಟ್ರೈಪಾಡ್ ಅನ್ನೋ ಕಂಪನಿಯಲ್ಲಿದ್ದಾಗ, ಒಂದು ಕಾರು ಕಂಪನಿಯವರು ತಮ್ಮ ಜಾಹೀರಾತು ಅಸಭ್ಯ ಪುಟದ ಒಳಗೆ ಬಂದಿದೆ ಅಂತ ಗಲಾಟೆ ಮಾಡಿದರಂತೆ. ಪುಟದ ಒಳಗೆ ಬೇಡ, ಬೇರೆ ಕಿಟಕಿಯಲ್ಲಿ ತೋರಿಸೋಣ ಅಂತ ಇವರು ಅದಕ್ಕೆ ಸಂಕೇತ ಬರೆದರು. 2014ರಲ್ಲಿ ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಅದಕ್ಕೆ ಕ್ಷಮೆಯನ್ನೂ ಕೇಳಿದರು. ಅಷ್ಟೊತ್ತಿಗೆ ಅದು ಪಾರ್ಥೇನಿಯಂ ಥರ ಎಲ್ಲ ಕಡೆ ಹಬ್ಬಿ ಆಗಿತ್ತು. ಒಪೇರಾ ಬ್ರೌಸರ್ 2000ದ ಸುಮಾರಿಗೇ ತಡೆ ತಂದಿತು, 2004ರಲ್ಲಿ ಫೈರ್‌ಫಾಕ್ಸ್ ಮತ್ತು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ತಂದವು. ಈಗ ನಿಮ್ಮ ಫೋನಿನ ಕ್ರೋಮ್ ಅಂಗಡಿಯಿಂದ ಬರುವಾಗಲೇ ಪಾಪ್-ಅಪ್ ತಡೆ ಹಾಕ್ಕೊಂಡೇ ಬಂದಿರುತ್ತೆ.

ಹಾಗಾದರೆ ಸಾಚಾ ರಸೀದಿ ಯಾಕೆ ಸಿಕ್ಕಿಹಾಕ್ಕೊಳ್ಳುತ್ತೆ?

ಇದು ನನಗೂ ಬಹಳ ದಿನ ಅರ್ಥ ಆಗಿರಲಿಲ್ಲ. ಶಿವಮೊಗ್ಗದಲ್ಲಿ ಕೂತು ಮಾಡಿದರೆ ಬರೋ ರಸೀದಿ, ಅದೇ ತಾಣ, ಅದೇ ಫೋನು, ಊರಲ್ಲಿ ಮಾಡಿದರೆ ಬರಲ್ಲ. ಜನ ‘ಸರ್ವರ್ ಡೌನ್’ ಅಂತಾರೆ. ಎಷ್ಟೋ ಸಲ ಸರ್ವರ್ ಡೌನ್ ಆಗಿರಲ್ಲ.

ಬ್ರೌಸರ್‌ಗೆ ಒಳ್ಳೇ ಕಿಟಕಿ ಯಾವುದು, ಕೆಟ್ಟ ಕಿಟಕಿ ಯಾವುದು ಅಂತ ಗೊತ್ತಿಲ್ಲ. ಅದರ ಹತ್ತಿರ ಇರೋದು ಒಂದೇ ಅಳತೆ: ‘ಈ ಕಿಟಕಿ ತೆರೆಯೋ ಮುಂಚೆ ಮನುಷ್ಯ ಬೆರಳಿಂದ ಒತ್ತಿದನಾ?’ ಒತ್ತಿದ್ದರೆ ಬಿಡುತ್ತೆ. ಯಾರೂ ಒತ್ತದೆ ತಾಣವೇ ತೆರೆಯೋಕೆ ಹೋದರೆ ತಡೆಯುತ್ತೆ. ಆದರೆ ಒತ್ತಿದ್ದಕ್ಕೆ ಒಂದು ಗಡುವಿದೆ. ಕ್ರೋಮಿನಲ್ಲಿ ಅದು ಸುಮಾರು 5 ಸೆಕೆಂಡ್. ನೀವು ‘ರಸೀದಿ’ ಅಂತ ಒತ್ತಿದ ಮೇಲೆ ತಾಣ ಸರ್ವರ್‌ಗೆ ಕೇಳಿ, ಉತ್ತರ ಬಂದಮೇಲೆ ಹೊಸ ಕಿಟಕಿ ತೆರೆಯುತ್ತೆ ಅಂತಿಟ್ಕೊಳ್ಳಿ. ಪೇಟೆಯಲ್ಲಿ ಉತ್ತರ 2 ಸೆಕೆಂಡಿಗೆ ಬಂದರೆ ಗಡುವಿನ ಒಳಗೇ ಆಯ್ತು. ನಮ್ಮಲ್ಲಿ ಒಂದು ಕಡ್ಡಿ ಸಿಗ್ನಲ್ ಇಟ್ಕೊಂಡು ತೋಟದ ಬದಿಯಲ್ಲಿ ನಿಂತು ಮಾಡಿದರೆ ಅದೇ ಉತ್ತರಕ್ಕೆ 8-10 ಸೆಕೆಂಡ್ ಬೇಕು. ಅಷ್ಟೊತ್ತಿಗೆ ಬ್ರೌಸರ್, ‘ಇದು ಯಾರೂ ಕರೆಯದೆ ಬಂದ ಕಿಟಕಿ’ ಅಂತ ತೀರ್ಮಾನ ಮಾಡಿ ತಡೆದುಬಿಡುತ್ತೆ.

ದುಡ್ಡು ಕಟ್ಟಿದ ಮೇಲೆ ಬ್ಯಾಂಕಿನ ಪುಟದಿಂದ ವಾಪಸ್ ಬಂದು ರಸೀದಿ ತಾನಾಗಿ ತೆರೆಯೋ ತಾಣಗಳಲ್ಲೂ ಇದೇ ಕಥೆ. ಕೊನೇ ಕಿಟಕಿ ತೆರೆಯೋದು ನಿಮ್ಮ ಬೆರಳಲ್ಲ, ತಾಣ. ಭಾವನಿಗೆ ಆಗಿದ್ದು ಇದೇ. ದುಡ್ಡು ಹೋಗಿತ್ತು, ಅರ್ಜಿಯೂ ಸೇರಿತ್ತು, ತೋರಿಸಬೇಕಾದ ಕಿಟಕಿ ಮಾತ್ರ ತಡೆಯಲ್ಲಿ ಸಿಕ್ಕಿತ್ತು. ಅದು ತಿಳಿಯದೆ ಮತ್ತೆ ಕಟ್ಟಿದರು.

ಅದಕ್ಕೇ ರಸೀದಿ ಬರದಿದ್ದರೆ ಮೊದಲು ಮತ್ತೆ ಕಟ್ಟೋಕೆ ಹೋಗಬೇಡಿ. ಬ್ಯಾಂಕಿನ ಎಸ್‌ಎಂಎಸ್ ಬಂದಿದೆಯಾ ನೋಡಿ. ಬಂದಿದ್ದರೆ ತಾಣದಲ್ಲೇ ‘ಅರ್ಜಿಯ ಸ್ಥಿತಿ’, ‘ಪಾವತಿ ಸ್ಥಿತಿ’, ‘ರಸೀದಿ ಮುದ್ರಿಸಿ’ ಅಂತ ಯಾವುದಾದರೂ ಗುಂಡಿ ಸಾಮಾನ್ಯವಾಗಿ ಇರುತ್ತೆ, ಅಲ್ಲಿಂದ ತೆಗೀಬಹುದು. ಸಿಗ್ನಲ್ ಚೆನ್ನಾಗಿರೋ ಕಡೆ ಹೋಗಿ ಆ ಗುಂಡಿ ಒತ್ತಿದರೆ ಸೆಟ್ಟಿಂಗ್ ಏನೂ ಮುಟ್ಟದೆ ಕೆಲಸ ಆಗೋದೂ ಉಂಟು.

ಒಂದೇ ತಾಣಕ್ಕೆ ಅನುಮತಿ ಕೊಡೋದು ಹೇಗೆ?

ನಾನು ಅವತ್ತು ಹೇಳಬೇಕಾಗಿದ್ದು ಇದನ್ನು. ಕ್ರೋಮ್ ಒಂದು ಕಿಟಕಿಯನ್ನು ತಡೆದಾಗ ಸುಮ್ಮನೆ ತಡೆಯಲ್ಲ, ಪರದೆಯಲ್ಲಿ ಒಂದು ಪಟ್ಟಿ ತೋರಿಸುತ್ತೆ: ‘ಪಾಪ್-ಅಪ್ ಬ್ಲಾಕ್ಡ್’ ಅಂತ. ಅದರ ಪಕ್ಕದಲ್ಲೇ ‘ಆಲ್ವೇಸ್ ಶೋ’ ಅಂತ ಇರುತ್ತೆ. ಫೋನನ್ನು ಕನ್ನಡದಲ್ಲಿ ಇಟ್ಕೊಂಡವರಿಗೆ ಅದೇ ಅರ್ಥದ ಕನ್ನಡ ಪದ ಕಾಣುತ್ತೆ. ಆ ಪಟ್ಟಿ ಕೆಲವೇ ಸೆಕೆಂಡ್ ಇದ್ದು ಹೋಗಿಬಿಡುತ್ತೆ. ನಾವು ರಸೀದಿ ಎಲ್ಲಿ ಅಂತ ಪುಟದ ನಡುವೆ ಹುಡುಕ್ತಾ ಇರ್ತೀವಿ, ಪಟ್ಟಿ ಕಣ್ಣಿಗೆ ಬೀಳಲ್ಲ.

ಅದನ್ನು ಒತ್ತಿದರೆ ಅನುಮತಿ ಆ ಒಂದು ತಾಣಕ್ಕೆ ಮಾತ್ರ ಸಿಗುತ್ತೆ. ಉಳಿದ ಊರೆಲ್ಲ ಹಾಗೇ ಬಂದ್. ಒತ್ತೋ ಮುಂಚೆ ಮೇಲಿನ ವಿಳಾಸ ಒಂದು ಸಲ ಓದಿ. ಸರ್ಕಾರಿ ತಾಣದ ವಿಳಾಸ ‘ಗವ್ ಡಾಟ್ ಇನ್’ ಅಥವಾ ‘ನಿಕ್ ಡಾಟ್ ಇನ್’ ಅಂತ ಮುಗಿಯುತ್ತೆ. ಪಹಣಿ, ಮ್ಯುಟೇಷನ್ ನೋಡೋ ಭೂಮಿ ತಾಣ ಆಗಲಿ, ಫ್ರೂಟ್ಸ್ ಆಗಲಿ, ಪಿಎಂ ಕಿಸಾನ್ ಆಗಲಿ, ಎಲ್ಲ ಹೀಗೇ. ಮುಗಿಯೋದು ಮುಖ್ಯ. ನಡುವೆ ಎಲ್ಲೋ ‘ಗವ್’ ಅಂತ ಸೇರಿಸಿ ಕೊನೆಗೆ ‘ಡಾಟ್ ಕಾಮ್’, ‘ಡಾಟ್ ಆನ್‌ಲೈನ್’ ಅಂತ ಇದ್ದರೆ ಅದು ಸರ್ಕಾರದ್ದಲ್ಲ.

ಪಟ್ಟಿ ತಪ್ಪಿಹೋಯ್ತು ಅಂದ್ರೆ ಅದೇ ಗುಂಡಿ ಇನ್ನೊಂದು ಸಲ ಒತ್ತಿದರೆ ಪಟ್ಟಿ ಮತ್ತೆ ಬರುತ್ತೆ. ಆದರೆ ಅದು ರಸೀದಿಯ ಗುಂಡಿ ಆಗಿರಲಿ, ದುಡ್ಡು ಕಟ್ಟೋ ಗುಂಡಿ ಅಲ್ಲ!

ಈಗ ಮುಖ್ಯ ಸ್ವಿಚ್ಚಿನ ವಿಷಯ. ಕ್ರೋಮಿನಲ್ಲಿ ಬಲಗಡೆ ಮೂರು ಚುಕ್ಕೆ, ಅದರಲ್ಲಿ ‘ಸೆಟ್ಟಿಂಗ್ಸ್’, ಅದರೊಳಗೆ ‘ಸೈಟ್ ಸೆಟ್ಟಿಂಗ್ಸ್’, ಅದರೊಳಗೆ ‘ಪಾಪ್-ಅಪ್ಸ್ ಅಂಡ್ ರೀಡೈರೆಕ್ಟ್ಸ್’. ಇಲ್ಲಿ ಒಂದು ಗೊಂದಲ ಇದೆ, ಫೋನಲ್ಲಿ ಹೇಳುವಾಗ ಬಹಳ ಜನ ಎಡವೋದು ಇಲ್ಲೇ. ಕ್ರೋಮಿನಲ್ಲಿ ಈ ಸ್ವಿಚ್ ಆನ್ ಅಂದ್ರೆ ಪಾಪ್-ಅಪ್ ಬರಲಿ ಅಂತ. ಆಫ್ ಅಂದ್ರೆ ತಡೆ ಇದೆ ಅಂತ. ಐಫೋನಿನ ಸಫಾರಿಯಲ್ಲಿ ಇದು ಉಲ್ಟಾ. ಅಲ್ಲಿ ಸ್ವಿಚ್ಚಿನ ಹೆಸರೇ ‘ಬ್ಲಾಕ್ ಪಾಪ್-ಅಪ್ಸ್’, ಆನ್ ಅಂದ್ರೆ ತಡೆ ಇದೆ ಅಂತ. ಸ್ಯಾಮ್ಸಂಗ್ ಫೋನಿನ ಸ್ವಂತ ಬ್ರೌಸರಿನಲ್ಲೂ ‘ಬ್ಲಾಕ್ ಪಾಪ್-ಅಪ್ಸ್’ ಅಂತಲೇ ಇದೆ. ಹಾಗಾಗಿ ಯಾರಾದರೂ “ಪಾಪ್-ಅಪ್ ಆನ್ ಮಾಡು” ಅಂದರೆ ಯಾವ ಬ್ರೌಸರ್ ಅಂತ ಕೇಳದೆ ಮುಟ್ಟಬೇಡಿ. ಸ್ವಿಚ್ಚಿನ ಕೆಳಗೆ ಸಣ್ಣಕ್ಷರದಲ್ಲಿ ಅಲೋ, ಬ್ಲಾಕ್ ಅಂತ ಬರೆದಿದ್ದರೆ ಅದನ್ನು ಓದಿ. ಬಣ್ಣ ನೋಡಿ ತೀರ್ಮಾನ ಮಾಡಬೇಡಿ.

ಕ್ರೋಮಿನ ಅದೇ ಪುಟದ ಕೆಳಗೆ ನೀವು ಇಲ್ಲೀವರೆಗೆ ಅನುಮತಿ ಕೊಟ್ಟ ತಾಣಗಳ ಪಟ್ಟಿ ಇರುತ್ತೆ. ಒಂದೊಂದನ್ನೇ ಒತ್ತಿ ಬೇಡದ್ದನ್ನು ಬ್ಲಾಕ್ ಮಾಡಬಹುದು, ತೆಗೆದೂ ಹಾಕಬಹುದು. ಭಾವನ ಫೋನಿನ ಪಟ್ಟಿಯಲ್ಲಿ ಒಂದು ಹೆಸರೂ ಇರಲಿಲ್ಲ. ಇಡೀ ಬಾಗಿಲೇ ತೆಗೆದಿಟ್ಟ ಮೇಲೆ ಒಬ್ಬೊಬ್ಬರನ್ನು ಕೇಳಿ ಬಿಡೋ ಪ್ರಶ್ನೆ ಎಲ್ಲಿ?

ಎಲ್ಲ ಹಳದಿಯೂ ಒಂದೇ ರೋಗ ಅಲ್ಲ

ಮೂಡಿಗೆರೆಯಲ್ಲಿ ತೋಟಗಾರಿಕೆ ಓದುವಾಗ ಮೇಷ್ಟ್ರೊಬ್ಬರು ಹಳದಿ ಆದ ಅಡಿಕೆ ಸೋಗೆ ತಂದು ಮುಂದಿಟ್ಟು ‘ಇದೇನು ರೋಗ?’ ಅಂತ ಕೇಳೋರು. ನಾವು ಒಂದೊಂದು ಹೆಸರು ಹೇಳೋರು. ‘ಬುಡ ನೋಡದೆ ಹೆಂಗೆ ಹೇಳ್ತೀರಿ?’ ಅಂತ ಬೈಸ್ಕೊಳ್ಳೋರು. ಬುಡದಲ್ಲಿ ನೀರು ನಿಂತರೂ ಹಳದಿ, ಬೇರುಹುಳ ಹತ್ತಿದರೂ ಹಳದಿ, ಗೊಬ್ಬರ ಸಾಲದಿದ್ದರೂ ಹಳದಿ. ಮೂರಕ್ಕೂ ಒಂದೇ ಮದ್ದು ಹಾಕಿದರೆ ದುಡ್ಡು ದಂಡ.

ಫೋನಲ್ಲಿ ಬೇಡದ್ದು ಏನು ಹಾರಿ ಬಂದರೂ ನಾವು ‘ಪಾಪ್-ಅಪ್’ ಅಂತೀವಿ. ಅದರಲ್ಲಿ ನಾಲ್ಕು ಬೇರೆ ಬೇರೆ ಜಾತಿ ಇವೆ. ಮೇಲೆ ಹೇಳಿದ ಸ್ವಿಚ್ ಕೆಲಸ ಮಾಡೋದು ಒಂದಕ್ಕೆ ಮಾತ್ರ, ಅದೂ ಪೂರ್ತಿಯಲ್ಲ.

ಮೊದಲನೇದು ಹೊಸ ಕಿಟಕಿ, ಅಂದರೆ ನಿಜವಾದ ಪಾಪ್-ಅಪ್. ಇದಕ್ಕೆ ಆ ಸ್ವಿಚ್ ಇದೆ. ಪೂರ್ತಿಯಲ್ಲ ಅಂದೆನಲ್ಲ, ಯಾಕೆಂದರೆ ಬೆರಳಿಂದ ಒತ್ತಿದರೆ ಕಿಟಕಿ ತೆರೆಯೋಕೆ ಬ್ರೌಸರ್ ಬಿಡುತ್ತೆ ಅಂತ ಕಳ್ಳತಾಣಗಳಿಗೂ ಗೊತ್ತು. ಅವು ಪುಟದ ಮೇಲೆ ಕಾಣದ ಒಂದು ಪದರ ಹಾಸಿರ್ತವೆ. ನೀವು ರೇಟ್ ನೋಡೋಕೆ ಎಲ್ಲಿ ಮುಟ್ಟಿದರೂ ಅದು ‘ಒತ್ತಿದ್ದು’ ಅಂತ ಲೆಕ್ಕ. ಭಾವ ಅವತ್ತು ಏನಾದರೂ ಮುಟ್ಟಿದ್ದರಾ, ತಾನಾಗೇ ಬಂತಾ ಅಂತ ಅವರಿಗೂ ನೆನಪಿಲ್ಲ. ಹಾಗಾಗಿ ಆಣೆ ಇಡಲ್ಲ ಅಂದೆ. ತಡೆ ಇದ್ದರೆ ಇಂಥ ಪುಟಗಳು ಬಹಳ ಕಮ್ಮಿ ಆಗ್ತವೆ ಅನ್ನೋದಂತೂ ಖರೆ.

ಎರಡನೇದು ಪುಟದ ಒಳಗೇ ಏಳೋ ಪೆಟ್ಟಿಗೆ. ‘ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿ’, ‘ಆ್ಯಪ್ ಹಾಕ್ಕೊಳ್ಳಿ’ ಅಂತ ಬರೋವು. ಇವು ಆ ಪುಟದ್ದೇ ಭಾಗ, ಬೇರೆ ಕಿಟಕಿ ಅಲ್ಲ, ಆದ್ದರಿಂದ ಪಾಪ್-ಅಪ್ ತಡೆಗೆ ಇವು ಕಾಣೋದೇ ಇಲ್ಲ. ಸೈಟ್ ಸೆಟ್ಟಿಂಗ್ಸ್‌ನಲ್ಲಿ ‘ಇಂಟ್ರೂಸಿವ್ ಆ್ಯಡ್ಸ್’ ಅಂತ ಇನ್ನೊಂದು ಇದೆ, ಅದನ್ನು ಬ್ಲಾಕ್‌ನಲ್ಲೇ ಇಡಿ, ಅತಿಯಾಗಿ ಕಾಟ ಕೊಡೋ ತಾಣಗಳ ಜಾಹೀರಾತನ್ನು ಅದು ಸ್ವಲ್ಪ ತಗ್ಗಿಸುತ್ತೆ. ಇನ್ನೂ ಬೇಕು ಅನ್ನೋರು ಫೈರ್‌ಫಾಕ್ಸ್ ಹಾಕ್ಕೊಂಡು ಅದರಲ್ಲಿ ‘ಯುಬ್ಲಾಕ್ ಒರಿಜಿನ್’ ಅನ್ನೋ ಪುಕ್ಕಟೆ ಸೇರ್ಪಡೆ ಹಾಕ್ಕೋಬಹುದು. ಆಂಡ್ರಾಯ್ಡ್ ಕ್ರೋಮಿನಲ್ಲಿ ಇಂಥ ಸೇರ್ಪಡೆಗೆ ಅವಕಾಶ ಇಲ್ಲ. ನಾನು ರೇಟ್ ನೋಡೋದು, ಸುದ್ದಿ ಓದೋದು ಎಲ್ಲ ಫೈರ್‌ಫಾಕ್ಸ್‌ನಲ್ಲಿ. ಅರ್ಜಿ, ಪಹಣಿ, ಬ್ಯಾಂಕ್ ಮಾತ್ರ ಕ್ರೋಮಿನಲ್ಲಿ. ತರಕಾರಿ ಮಡಿಗೆ ಹೋಗೋ ಚಪ್ಪಲಿಯೇ ಬೇರೆ, ಕೊಟ್ಟಿಗೆಗೆ ಹೋಗೋ ಚಪ್ಪಲಿಯೇ ಬೇರೆ ಇಟ್ಕೊಂಡಂಗೆ.

ಮೂರನೇದು ನೋಟಿಫಿಕೇಶನ್. ನಮ್ಮ ಕಡೆ ಅತಿ ಹೆಚ್ಚು ಹಾವಳಿ ಇದರದ್ದೇ ಅಂತ ನನ್ನ ಲೆಕ್ಕ. ಊರಲ್ಲಿ ನಾನು ನೋಡಿಕೊಟ್ಟ ಫೋನುಗಳಲ್ಲಿ ಜನ ‘ಪಾಪ್-ಅಪ್ ಕಾಟ’ ಅಂತ ತಂದಿದ್ದರಲ್ಲಿ ಬಹುಪಾಲು ಇದೇ ಆಗಿತ್ತು. ಯಾವುದೋ ಪುಟ ತೆರೆದಾಗ ‘ನೀವು ರೋಬೋಟ್ ಅಲ್ಲ ಅಂತ ತೋರಿಸೋಕೆ ಅಲೋ ಒತ್ತಿ’ ಅಂತ ಬರುತ್ತೆ. ಇಲ್ಲ ಅಂದ್ರೆ ‘ವಿಡಿಯೋ ನೋಡೋಕೆ ಅಲೋ ಒತ್ತಿ’ ಅಂತ. ನಾವು ಒತ್ತಿಬಿಡ್ತೀವಿ. ಒತ್ತಿದ್ದು ಏನಕ್ಕೆ ಅಂದ್ರೆ, ‘ನಾನು ಈ ತಾಣ ಮುಚ್ಚಿದ ಮೇಲೂ ನೀನು ನನ್ನ ಫೋನಿಗೆ ಸಂದೇಶ ಕಳಿಸ್ತಾ ಇರಬಹುದು’ ಅನ್ನೋದಕ್ಕೆ. ಅಲ್ಲಿಂದ ಶುರು. ಬೆಳಗ್ಗೆ ಎದ್ದರೆ ‘ನಿಮ್ಮ ಫೋನಿನಲ್ಲಿ ವೈರಸ್ ಇದೆ’, ಮಧ್ಯಾಹ್ನ ‘ನಿಮಗೆ ಸಾಲ ಮಂಜೂರಾಗಿದೆ’, ರಾತ್ರಿ ಹೇಳೋಕೆ ಆಗದ್ದು. ಮನೆಯಲ್ಲಿ ಮಕ್ಕಳ ಮುಂದೆ ಫೋನ್ ತೆಗೆಯೋಕೆ ನಾಚಿಕೆ ಅಂತ ಉಡುಗಣಿ ಕಡೆಯ ಒಬ್ಬ ಹಿರಿಯರು ಫೋನನ್ನೇ ಮಾರೋಕೆ ಹೊರಟಿದ್ದರು.

ಇದಕ್ಕೆ ಮದ್ದು ಎರಡು ನಿಮಿಷದ್ದು. ಅದೇ ‘ಸೈಟ್ ಸೆಟ್ಟಿಂಗ್ಸ್’, ಅದರಲ್ಲಿ ‘ನೋಟಿಫಿಕೇಶನ್ಸ್’. ಅನುಮತಿ ಪಡೆದ ತಾಣಗಳ ಪಟ್ಟಿ ಅಲ್ಲಿರುತ್ತೆ. ಗೊತ್ತಿಲ್ಲದ ಹೆಸರುಗಳನ್ನೆಲ್ಲ ಒಂದೊಂದಾಗಿ ಬ್ಲಾಕ್ ಮಾಡಿ. ಅಥವಾ ಮೇಲಿನ ಸ್ವಿಚ್ಚನ್ನೇ ಬಂದ್ ಮಾಡಿದರೆ ಇನ್ನು ಮುಂದೆ ಯಾವ ತಾಣವೂ ಕೇಳೋದೇ ಇಲ್ಲ, ಹಳೇ ಪಟ್ಟಿಯನ್ನು ಮಾತ್ರ ನೀವೇ ಕಳೆ ಕೀಳಬೇಕು. ರೈತನಿಗೆ ಬ್ರೌಸರ್ ನೋಟಿಫಿಕೇಶನ್ ಬೇಕಾಗೋ ಕೆಲಸ ನನಗೆ ಇಲ್ಲೀವರೆಗೆ ಒಂದೂ ಕಂಡಿಲ್ಲ. ಮಳೆ ಮುನ್ಸೂಚನೆಗೆ ಆ್ಯಪ್ ಇದೆ, ಕಂತು ಬಂದಿದ್ದಕ್ಕೆ ಎಸ್‌ಎಂಎಸ್ ಬರುತ್ತೆ. ಈ ಸಂದೇಶಗಳಲ್ಲಿ ಒಂದನ್ನು ಬೆರಳಿಂದ ಒತ್ತಿ ಹಿಡಿದರೆ ಅದನ್ನು ನಿಲ್ಲಿಸೋ ದಾರಿಯೂ ಕಾಣುತ್ತೆ. ಒತ್ತಿ ಹಿಡೀರಿ, ತೆರೀಬೇಡಿ.

ಭಾವನ ಫೋನಿನ ಈ ಪಟ್ಟಿಯಲ್ಲಿ 23 ತಾಣ ಇದ್ದವು. ಅದರಲ್ಲಿ ಅವರಿಗೆ ಗುರುತು ಸಿಕ್ಕಿದ್ದು ಒಂದು, ಅದೂ ಕ್ರಿಕೆಟ್ ಸ್ಕೋರಿಂದು.

ನಾಲ್ಕನೇದು ಬ್ರೌಸರೇ ತೆರೆಯದಿದ್ದರೂ ಬರೋ ಜಾಹೀರಾತು. ಫೋನ್ ಸುಮ್ಮನೆ ಕೈಯಲ್ಲಿದೆ, ಪರದೆ ತುಂಬ ಜಾಹೀರಾತು ಬಂತು ಅಂದ್ರೆ ಅದು ಯಾವುದೋ ಆ್ಯಪಿನ ಕೆಲಸ. ಟಾರ್ಚ್, ಫೋಟೋ ಚಂದ ಮಾಡೋದು, ಫೋನ್ ಕ್ಲೀನ್ ಮಾಡೋದು ಅಂತ ಹಾಕ್ಕೊಂಡ ಆ್ಯಪ್‌ಗಳ ಮೇಲೆ ಮೊದಲು ಅನುಮಾನ ಪಡಿ. ಜಾಹೀರಾತು ಬಂದ ಕ್ಷಣಕ್ಕೇ, ಹಿಂದೆ ಬಳಸಿದ ಆ್ಯಪ್‌ಗಳನ್ನು ತೋರಿಸೋ ಗುಂಡಿ ಒತ್ತಿದರೆ ಆ ಜಾಹೀರಾತಿನ ಮೇಲೆ ಸಾಮಾನ್ಯವಾಗಿ ಅದರ ಒಡೆಯ ಆ್ಯಪಿನ ಗುರುತು ಕಾಣುತ್ತೆ. ಆ ಆ್ಯಪ್ ತೆಗೆದುಹಾಕಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಡಿಸ್‌ಪ್ಲೇ ಓವರ್ ಅದರ್ ಆ್ಯಪ್ಸ್’ ಅಂತ ಹುಡುಕಿದರೆ ಬೇರೆ ಆ್ಯಪ್‌ಗಳ ಮೇಲೆ ಬಂದು ಕೂರೋ ಅಧಿಕಾರ ಯಾರ್ಯಾರಿಗಿದೆ ಅಂತ ಗೊತ್ತಾಗುತ್ತೆ, ಬೇಡದವರಿಂದ ಕಿತ್ಕೊಳ್ಳಬಹುದು.

ಕಳ್ಳಪುಟ ಬಂದೇಬಿಟ್ಟರೆ?

ಗಾಬರಿ ಬೇಡ. ಪುಟ ತೆರ್ಕೊಂಡ ಮಾತ್ರಕ್ಕೆ ಸಾಮಾನ್ಯವಾಗಿ ದುಡ್ಡು ಹೋಗಲ್ಲ. ನೀವು ಏನಾದರೂ ಕೊಟ್ಟರೆ, ಅಥವಾ ಏನಾದರೂ ಹಾಕ್ಕೊಂಡರೆ ಹೋಗೋದು. ಪುಟದ ಒಳಗಿರೋ ಇಂಟು ಗುರುತು ಒತ್ತಬೇಡಿ, ಅದು ಬರೀ ಚಿತ್ರ ಇರಬಹುದು, ಅದನ್ನು ಒತ್ತೋದೂ ಅವರಿಗೆ ಬೇಕಾದ ಒತ್ತೇ. ಕ್ರೋಮಿನ ಮೇಲೆ ಟ್ಯಾಬ್‌ಗಳ ಸಂಖ್ಯೆ ಇರೋ ಚೌಕ ಇದೆಯಲ್ಲ, ಅದನ್ನು ಒತ್ತಿ, ಅಲ್ಲಿಂದ ಆ ಟ್ಯಾಬ್ ಮುಚ್ಚಿ. ಮುಚ್ಚೋಕೆ ಬಿಡದೆ ಮತ್ತೆ ಮತ್ತೆ ಪೆಟ್ಟಿಗೆ ಬರ್ತಾ ಇದ್ದರೆ ಕ್ರೋಮನ್ನೇ ಮುಚ್ಚಿಬಿಡಿ.

ಫೈಲ್ ಇಳಿದಿದ್ದರೆ, ಹೆಸರಿನ ಕೊನೆಗೆ ‘ಎಪಿಕೆ’ ಅಂತ ಇದ್ದರೆ, ತೆರೆಯದೆ ಡೌನ್‌ಲೋಡ್‌ನಿಂದ ಅಳಿಸಿ. ಇಳಿದಿದ್ದು ಬೇರೆ, ಹಾಕ್ಕೊಂಡಿದ್ದು ಬೇರೆ. ‘ಅಪರಿಚಿತ ಆ್ಯಪ್’ ಅಂತ ಫೋನು ತಡೆದರೆ ಅದು ಫೋನಿನ ತೊಂದರೆ ಅಲ್ಲ, ಕೊನೇ ಬೇಲಿ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಪಿಎಂ ಕಿಸಾನ್ ಹೆಸರಿನಲ್ಲಿ ಓಡಾಡೋ ಎಪಿಕೆ ಫೈಲ್‌ಗಳಿಗೂ ಇದೇ ಮಾತು. ವರ್ಷಕ್ಕೆ 6,000 ರೂಪಾಯಿ ಕೊಡೋಕೆ ಸರ್ಕಾರ ವಾಟ್ಸ್‌ಆ್ಯಪ್‌ನಲ್ಲಿ ಫೈಲ್ ಕಳಿಸಲ್ಲ.

ಹಾಕ್ಕೊಂಡೇಬಿಟ್ಟಿದ್ದರೆ ತಡ ಮಾಡಬಾರದು. ಡೇಟಾ, ವೈಫೈ ಬಂದ್ ಮಾಡಿ, ಇಲ್ಲವೇ ಏರೋಪ್ಲೇನ್ ಮೋಡ್ ಹಾಕಿ. ಆ ಫೋನನ್ನು ಪಕ್ಕಕ್ಕಿಟ್ಟು ಬೇರೆಯವರ ಫೋನಿಂದ ಬ್ಯಾಂಕಿಗೆ ಮಾಡಿ ಖಾತೆ, ಯುಪಿಐ ತಡೆಸಿ. ದುಡ್ಡು ಹೋಗಿದ್ದರೆ ಸೈಬರ್ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ದುಡ್ಡನ್ನು ಮುಂದಿನ ಖಾತೆಗೆ ಹೋಗೋ ಮುಂಚೆ ಹಿಡಿದಿಡೋ ಅವಕಾಶ ಜಾಸ್ತಿ. ‘ನಾಳೆ ಬ್ಯಾಂಕಿಗೆ ಹೋದಾಗ ಕೇಳೋಣ’ ಅನ್ನೋದು ಇಲ್ಲಿ ನಡೆಯಲ್ಲ. ನಾಚಿಕೆಯಿಂದ ಮನೆಯವರಿಗೆ ಹೇಳದೆ ಒಂದು ರಾತ್ರಿ ಕಳೆಯೋರೂ ಇದ್ದಾರೆ, ಕಳ್ಳರಿಗೆ ಬೇಕಾಗಿರೋದೂ ಅದೇ ರಾತ್ರಿ.

ಆ ದಿನ ಭಾವನ ಫೋನಿನಲ್ಲಿ ನಾವು ಮೂವರೂ ಕೂತು ಇಷ್ಟು ಮಾಡಿದೆವು: ಎಪಿಕೆ ಅಳಿಸಿದೆವು, ಪಾಪ್-ಅಪ್ ಸ್ವಿಚ್ ಆಫ್ ಮಾಡಿದೆವು, ನೋಟಿಫಿಕೇಶನ್‌ನ 23 ತಾಣಗಳನ್ನೂ ತೆಗೆದೆವು. ಕ್ರಿಕೆಟ್ಟಿಂದು ಇರಲಿ ಅಂತ ಭಾವ ಅಂದರು, ಮಗಳು ಬಿಡಲಿಲ್ಲ. ರಸೀದಿ ಬೇಕಾಗಿದ್ದ ಆ ಸರ್ಕಾರಿ ತಾಣ ತೆರೆದು, ಪಟ್ಟಿ ಬಂದಾಗ ‘ಆಲ್ವೇಸ್ ಶೋ’ ಒತ್ತಿಸಿದೆ. ಎರಡು ಸಲ ತಪ್ಪಿತು, ಮೂರನೇ ಸಲ ಅವರೇ ಹಿಡಿದರು.

ಈಗ ಆ ಪಟ್ಟಿಯಲ್ಲಿ ಇರೋದು ಎರಡೇ ಹೆಸರು. ಒಂದು ಅವತ್ತು ಸೇರಿಸಿದ್ದು. ಇನ್ನೊಂದನ್ನು ಹೋದ ವಾರ ಪಹಣಿ ತೆಗೆಯುವಾಗ ಭಾವನೇ ಸೇರಿಸಿದ್ದಾರೆ, ನನಗೆ ಫೋನ್ ಮಾಡದೆ. ಮಾಡಿದ ಮೇಲೆ ಮಾತ್ರ ಮಾಡಿದರು: “ಲೋ, ವಿಳಾಸದ ಕೊನೆ ಓದಿಯೇ ಒತ್ತಿದೀನಿ, ನೀನು ಬೋರ್ಡೋ ನೋಡ್ಕೋ.”